ಸಹಿ ಹಾಕುವ ಮುನ್ನ

ಚಿರಂಜೀವಿ ಅನಘಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಮಾತು ಮುಗಿಸುವ ಮೊದಲೇ ನಾನು ದನಿ ಏರಿಸಿದೆ. ಅದಕ್ಕೆ ಬೇಸರವಿದೆ. "ಭಾರತಕ್ಕೆ ಫುಟ್‌ಬಾಲ್ ಆಡಬೇಕೆಂದು ಆಸ್ಟ್ರೇಲಿಯಾದ ಪೌರತ್ವ ಬಿಡುವ ಅರ್ಜಿ ತುಂಬಿಟ್ಟಿದ್ದೇನೆ, ಸಹಿಯೊಂದೇ ಬಾಕಿ" ಎಂದೆಯಲ್ಲ, ಅಲ್ಲಿಂದಾಚೆಗೆ ನೀನು ಹೇಳಿದ್ದು ಯಾವುದೂ ನನ್ನ ಕಿವಿಗೆ ಇಳಿಯಲಿಲ್ಲ. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳವೇ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ತೊಡಕಾದ ಕಡೆ ಅಮ್ಮನನ್ನು ಕೇಳು. ಅವಳು ಹೇಗೂ ನಿನ್ನ ಪಕ್ಷವೇ.

ಈ ಆಸೆ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. 2025ರ ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದು, ಭಾರತ ಥಾಯ್ಲೆಂಡನ್ನು 2–1ರಿಂದ ಸೋಲಿಸಿತಲ್ಲ, ಆ ರಾತ್ರಿ ನೀನು ಮೂರು ಸಲ ಫೋನ್ ಮಾಡಿದೆ. ಅರ್ಹತಾ ಸುತ್ತಿನಲ್ಲಿ ಆಡಿ ಗೆದ್ದು ಭಾರತದ ಹೆಣ್ಣುಮಕ್ಕಳು ಏಷ್ಯನ್ ಕಪ್‌ಗೆ ಬಂದದ್ದು ಅದೇ ಮೊದಲು. ಅದೂ 2026ರ ಮಾರ್ಚ್‌ನಲ್ಲಿ, ನಮ್ಮ ಕಣ್ಣೆದುರೇ, ಆಸ್ಟ್ರೇಲಿಯಾದಲ್ಲೇ. ಆಮೇಲೆ ನವೆಂಬರ್‌ನಲ್ಲಿ ರಯಾನ್ ವಿಲಿಯಮ್ಸ್ ಸುದ್ದಿ ಬಂತು. ಪರ್ತ್‌ನಲ್ಲಿ ಹುಟ್ಟಿದವರು, ತಾಯಿಯ ಕಡೆಯಿಂದ ಮುಂಬೈಯವರು, 2019ರಲ್ಲಿ ಆಸ್ಟ್ರೇಲಿಯಾ ತಂಡದ ಅಂಗಿಯನ್ನೂ ಒಮ್ಮೆ ತೊಟ್ಟವರು. ಬೆಂಗಳೂರು ಎಫ್‌ಸಿಯಲ್ಲಿ ಆಡುತ್ತಲೇ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪ್ರಜೆಯಾದರು. ಅವರಿಗಿಂತ ಮೊದಲು ಜಪಾನಿನ ಅರಾಟಾ ಇಜುಮಿ ಆಗಿದ್ದರು. ಅವರು 2013ರಲ್ಲಿ ಭಾರತಕ್ಕೆ ಆಡಿದರು. "ಅವರಿಗೆ ಆಗುವುದಾದರೆ ನನಗೇಕೆ ಆಗದು?" ಎಂದು ನೀನು ಕೇಳಿದೆ. ಆಗುತ್ತದೆ. ಆಗುವುದಿಲ್ಲ ಎಂದು ನಾನು ಹೇಳಲೇ ಇಲ್ಲ.

ಈ ವಾರವೆಲ್ಲ ದೇಶದ ತಂಡ ಬದಲಿಸುವ ಬಗ್ಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮಾವಳಿಯನ್ನೇ ಓದುತ್ತಾ ಕೂತಿದ್ದೆ. ನೀನು ಅವಸರ ಮಾಡುತ್ತಿರುವುದು 21 ತುಂಬುವ ಮೊದಲೇ ಎಲ್ಲ ಮುಗಿಯಬೇಕು ಎಂಬ ಭಯಕ್ಕೆ. ಆ ಭಯ ಬೇಡ. 21ರ ಲೆಕ್ಕವಿರುವುದು ನೀನು ಅರ್ಜಿ ಹಾಕುವ ದಿನಕ್ಕಲ್ಲ, ಹಳೆಯ ತಂಡಕ್ಕೆ ಕೊನೆಯದಾಗಿ ಆಡಿದ ದಿನಕ್ಕೆ. ನೀನು ಆಸ್ಟ್ರೇಲಿಯಾ ಪರ ಆಡಿದ್ದು 20 ವರ್ಷದೊಳಗಿನವರ ತಂಡದಲ್ಲಿ ಮಾತ್ರ. ಹಿರಿಯರ ತಂಡದಲ್ಲಿ ಅಧಿಕೃತ ಪಂದ್ಯ ಆಡಿದವರ ಪಾಡು ಬೇರೆ. ಆಡಿದ್ದೆಲ್ಲ 21 ತುಂಬುವ ಮೊದಲೇ ಆಗಿರಬೇಕು, ಮೂರಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು, ವಿಶ್ವಕಪ್ ಅಥವಾ ಖಂಡದ ಕಪ್‌ನ ಅಂತಿಮ ಹಂತದಲ್ಲಿ ಕಾಲಿಟ್ಟಿರಬಾರದು, ಕೊನೆಯ ಪಂದ್ಯವಾಗಿ ಮೂರು ವರ್ಷ ಕಳೆದಿರಬೇಕು. ಈ ಸಡಿಲಿಕೆ ಬಂದದ್ದೂ 2020ರಲ್ಲಿ. ಅದಕ್ಕೆ ಮೊದಲು ಮುನೀರ್ ಎಲ್ ಹದ್ದಾದಿ ಎಂಬ ಹುಡುಗ 2014ರಲ್ಲಿ ಸ್ಪೇನ್ ಪರ ಬದಲಿ ಆಟಗಾರನಾಗಿ ಕೊನೆಯ ಕೆಲವು ನಿಮಿಷ ಮೈದಾನಕ್ಕಿಳಿದ. ಅಷ್ಟರಿಂದಲೇ ತಂದೆಯ ನಾಡಾದ ಮೊರಾಕ್ಕೊ ಪರ 2018ರ ವಿಶ್ವಕಪ್ ಆಡುವ ದಾರಿ ಮುಚ್ಚಿತು. ಕ್ರೀಡಾ ನ್ಯಾಯಾಲಯಕ್ಕೆ ಹೋದರೂ ಗೆಲ್ಲಲಿಲ್ಲ. ಅವನು ಆ ಅಂಗಿ ತೊಟ್ಟದ್ದು 2021ರಲ್ಲಿ. ಕೆಲವು ನಿಮಿಷದ ಆಟಕ್ಕೆ ಆರೂವರೆ ವರ್ಷ ಕಾಯಬೇಕಾಯಿತು. ಆ ಕಷ್ಟ ನಿನಗಿಲ್ಲ. ನಾನು ಭಾರತದಲ್ಲಿ ಹುಟ್ಟಿದವನು, ಫಿಫಾಕ್ಕೆ ಅಷ್ಟು ನಂಟು ಸಾಕು.

ಆದರೆ ಫಿಫಾ ಕೇಳುವ ಇನ್ನೊಂದು ವಸ್ತು ಪೌರತ್ವ. ಅದನ್ನು ಕೊಡುವುದು ಫಿಫಾ ಅಲ್ಲ, ದೇಶ. ಬೇರೆ ದೇಶಗಳ ಮಕ್ಕಳಿಗೆ ಇದು ಇಷ್ಟು ತಲೆನೋವಲ್ಲ. 2023ರ ವಿಶ್ವಕಪ್‌ನಲ್ಲಿ ವೆಲ್ಲಿಂಗ್ಟನ್‌ನಲ್ಲಿ ನ್ಯೂಜಿಲೆಂಡನ್ನು ಸೋಲಿಸಿದ ಫಿಲಿಪ್ಪೀನ್ಸ್ ತಂಡ ನೆನಪಿದೆಯಲ್ಲ? ಆ ಗೋಲು ಹೊಡೆದ ಸರೀನಾ ಬೋಲ್ಡನ್ ಹುಟ್ಟಿದ್ದು ಅಮೆರಿಕದಲ್ಲಿ. ಆ ತಂಡದ ಎಷ್ಟೋ ಹುಡುಗಿಯರು ಅಲ್ಲಿಯವರೇ. ಅವರ ದೇಶ ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಬಿಡುತ್ತದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿದ ಮೊರಾಕ್ಕೊದ 26 ಆಟಗಾರರಲ್ಲಿ 14 ಮಂದಿ ಹೊರದೇಶಗಳಲ್ಲಿ ಹುಟ್ಟಿದವರು. ಆಸ್ಟ್ರೇಲಿಯಾ ಕೂಡ 2002ರಿಂದ ಉಭಯ ಪೌರತ್ವಕ್ಕೆ ಅಡ್ಡಿ ಮಾಡುತ್ತಿಲ್ಲ. ಅಡ್ಡಿ ಇರುವುದು ಭಾರತದಲ್ಲಿ. ನಿನ್ನ ಕೈಯಲ್ಲಿರುವ ಓಸಿಐ ಕಾರ್ಡಿನಿಂದ, ಅಂದರೆ ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡಿನಿಂದ, ಭಾರತಕ್ಕೆ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಓದಬಹುದು, ದುಡಿಯಬಹುದು. ಮತ ಹಾಕುವಂತಿಲ್ಲ, ದೇಶಕ್ಕೆ ಆಡುವಂತಿಲ್ಲ. ರಾಷ್ಟ್ರೀಯ ತಂಡಗಳಲ್ಲಿ ಭಾರತದ ಪ್ರಜೆಗಳೇ ಇರಬೇಕೆಂದು ಕ್ರೀಡಾ ಸಚಿವಾಲಯ 2008ರಲ್ಲಿ ಗೆರೆ ಎಳೆಯಿತು. ನಿನ್ನ ಕೋಣೆಯ ಗೋಡೆಯ ಮೇಲೆ ಚಿತ್ರವಿದ್ದ ಆಸ್ಟ್ರೇಲಿಯಾದ ಆಟಗಾರ್ತಿ ಸ್ಯಾಮ್ ಕೆರ್ ಅವರ ತಂದೆ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಆ ಮನೆಯಲ್ಲಿ ಭಾರತದ ಮಾತು ಬಂದಿತ್ತೋ ಇಲ್ಲವೋ, ಬಂದಿದ್ದರೂ ಇದೇ ಗೆರೆ ಎದುರಾಗುತ್ತಿತ್ತು.

ಗೆರೆ ತಪ್ಪೆಂದೇ ನನ್ನ ಅಭಿಪ್ರಾಯ. ಆಡಲು ಬರುವ ಮಗುವಿನ ಮುಂದೆ ಹುಟ್ಟಿದ ನೆಲವನ್ನೂ ತಂದೆತಾಯಿಯ ನೆಲವನ್ನೂ ತಕ್ಕಡಿಯಲ್ಲಿಟ್ಟು ಒಂದನ್ನು ಕಿತ್ತೆಸೆ ಎನ್ನುವುದು ನ್ಯಾಯವಲ್ಲ. ಆದರೆ ಕಾನೂನು ಇರುವುದು ಹಾಗೆ. ಅದು ಬದಲಾಗುತ್ತದೆಂದು ನಂಬಿ ನೀನು ಕಾಲ ಕಳೆಯುವಂತಿಲ್ಲ.

ನಾನು ಏಕೆ ಕೂಗಾಡಿದೆ ಎಂಬುದಕ್ಕೆ ಬರುತ್ತೇನೆ. ನಿನ್ನ ಅಜ್ಜ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ನಾನು ಆಗಷ್ಟೇ ಆಸ್ಟ್ರೇಲಿಯಾದ ಪ್ರಜೆಯಾಗಿದ್ದೆ. ಯಾಕಾದೆ ಎಂಬುದು ನಮ್ಮ ಮೂವರಿಗೂ ಗೊತ್ತು, ಇಲ್ಲಿ ಎತ್ತುವುದಿಲ್ಲ. ಹಳೆಯ ಪಾಸ್‌ಪೋರ್ಟ್ ಒಪ್ಪಿಸಿದ್ದೆ. ಅದು ವಾಪಸು ಬಂದಾಗ ನೀಲಿ ರಟ್ಟಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದರು, ಒಳಗೆ ರದ್ದಾಗಿದೆ ಎಂಬ ಮುದ್ರೆ ಬಿದ್ದಿತ್ತು. ಓಸಿಐಗೆ ಅರ್ಜಿ ಹಾಕಿದ್ದೆ, ಇನ್ನೂ ಬಂದಿರಲಿಲ್ಲ. ಆ ನಡುವೆ ಒಂದು ಶುಕ್ರವಾರ ರಾತ್ರಿ ಚಿಕ್ಕಪ್ಪನ ಫೋನ್ ಬಂತು. ಹುಟ್ಟಿ ಬೆಳೆದ ಮನೆಗೆ ಹೋಗಲು ನನಗೆ ವೀಸಾ ಬೇಕಿತ್ತು, ಮುಂದಿನ ಎರಡು ದಿನ ಕಚೇರಿಗೆ ರಜೆ.

ನಾನು ಹಿರಿಯ ಮಗ. ಕೊಳ್ಳಿ ಇಡಬೇಕಾದವನು. ಹೆಣವನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ? ಚಿಕ್ಕಪ್ಪನೇ ಎಲ್ಲ ಮಾಡಿದ. ಅವನ ಮೊಬೈಲನ್ನು ಯಾರೋ ಕೈಯಲ್ಲಿ ಹಿಡಿದು ನಿಂತಿದ್ದರು, ನಾನು ಇಲ್ಲಿ ಕಾರಿನೊಳಗೆ ಕೂತು ಕಿವಿಗೊಟ್ಟಿದ್ದೆ. ಮಂತ್ರ ಸರಿಯಾಗಿ ಕೇಳಿಸಲಿಲ್ಲ. ಗಾಳಿ ಕೇಳಿಸಿತು. "ಬೆಂಕಿಪೊಟ್ಟಣ ಯಾರ ಹತ್ತಿರ ಇದೆ?" ಎಂದು ಒಬ್ಬರು ಕೇಳಿದ್ದು ಕೇಳಿಸಿತು. "ನೆಂದಿದೆ, ಬೇರೆ ತನ್ನಿ" ಎಂದು ಇನ್ನೊಬ್ಬರು. ಆಮೇಲೆ ಅಜ್ಜಿ ನನ್ನ ಹೆಸರು ಹಿಡಿದು ಕೂಗಿದ್ದು. ಅಷ್ಟರಲ್ಲಿ ಫೋನ್ ಕಡಿಯಿತು.

ಸೋಮವಾರ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಕಿಟಕಿಯಾಚೆ ಕೂತಿದ್ದವರು ಒರಟರೇನಲ್ಲ, ಮೆತ್ತಗೇ ಮಾತಾಡಿದರು. ಮರಣ ಪ್ರಮಾಣ ಪತ್ರ ಕೇಳಿದರು. ವಾರಾಂತ್ಯದಲ್ಲಿ ಸತ್ತವರ ಪ್ರಮಾಣ ಪತ್ರ ಸೋಮವಾರ ಬೆಳಿಗ್ಗೆ ಯಾರ ಕೈಗೆ ಸಿಗುತ್ತದೆ? ಚಿಕ್ಕಪ್ಪ ಡಾಕ್ಟರ ಚೀಟಿಯನ್ನು ಫ್ಯಾಕ್ಸ್ ಮಾಡಿದ. ಆ ಚೀಟಿಯಲ್ಲಿ ಅಜ್ಜನ ಹೆಸರಿನ ಒಂದು ಅಕ್ಷರ ನನ್ನ ಕಾಗದಗಳಲ್ಲಿದ್ದ ಹೆಸರಿಗೆ ಹೊಂದಲಿಲ್ಲ. ಅದಕ್ಕೊಂದು ಅಫಿಡವಿಟ್. ನಾನು ಊರು ಮುಟ್ಟುವಷ್ಟರಲ್ಲಿ ಅಸ್ಥಿಯನ್ನೂ ನದಿಗೆ ಬಿಟ್ಟಾಗಿತ್ತು. ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತಿದ್ದೆ. ಭೇಟಿಯ ಉದ್ದೇಶವೇನೆಂದು ಅಧಿಕಾರಿ ಕೇಳಿದರು.

ಈಗ ನಿನ್ನ ಅರ್ಜಿಯನ್ನು ಇದರ ಪಕ್ಕದಲ್ಲಿಟ್ಟು ನೋಡು. ನೀನು ಭಾರತದ ಪ್ರಜೆಯಾದ ಮೇಲೆ ಈ ಮನೆಗೆ, ನೀನು ಹುಟ್ಟಿದ ಮನೆಗೆ ಬರಲು ನಿನಗೆ ವೀಸಾ ಬೇಕು. ನನಗೆ ವಯಸ್ಸಾಗುತ್ತಿದೆ, ಅಮ್ಮನಿಗೂ. ಒಂದು ರಾತ್ರಿ ನಿನಗೂ ಅಂಥ ಫೋನ್ ಬರುತ್ತದೆ. ಬರದೇ ಇರುವುದಿಲ್ಲ. ಕಿಟಕಿಯ ಈಚೆ ನೀನು ನಿಂತಿರುತ್ತೀಯ. ನಾನು ಅಲ್ಲಿ ನಿಂತವನು. ಆ ಜಾಗದಲ್ಲಿ ನನ್ನ ಮಗಳನ್ನು ಊಹಿಸಿಕೊಳ್ಳಲು ನನ್ನಿಂದಾಗದು. ಈಗ ಎಲ್ಲ ಆನ್‌ಲೈನ್ ಎಂದು ನೀನು ಹೇಳುತ್ತೀಯ, ಗೊತ್ತು. ಆದರೂ ಆ ಕಿಟಕಿ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ, ಅನಘಾ. ಆ ನೆಂದ ಬೆಂಕಿಪೊಟ್ಟಣವೂ ಹೋಗುವುದಿಲ್ಲ. ಇಷ್ಟು ವರ್ಷ ನಿನಗೆ ಇದನ್ನು ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೇ.

ಹೆದರಿಸಿ ನಿಲ್ಲಿಸುವುದಕ್ಕೆ ಇದನ್ನೆಲ್ಲ ಬರೆಯಲಿಲ್ಲ. ನನ್ನದು ಒಂದೇ ಪ್ರಶ್ನೆ. ನೀನು ಆಡಬೇಕೆಂದು ಹೋಗುತ್ತಿದ್ದೀಯೋ, ನನಗಾಗಿ ಹೋಗುತ್ತಿದ್ದೀಯೋ? "ನೀನು ಬಿಟ್ಟದ್ದನ್ನು ನಾನು ವಾಪಸು ತರುತ್ತೇನೆ ಅಪ್ಪ" ಎಂದೆ ಭಾನುವಾರ. ನನಗೆ ಸಿಟ್ಟು ಬಂದದ್ದು ಅದಕ್ಕೇ. ನಾನು ಬಿಟ್ಟದ್ದು ನನ್ನ ಲೆಕ್ಕ. ಅದರ ಬಾಕಿಯನ್ನು ನೀನು ತೀರಿಸಬೇಕಾಗಿಲ್ಲ. ಎಡಗಡೆಯಿಂದ ನೀನು ಚೆಂಡು ಹಿಡಿದು ಓಡುವಾಗ ಎದುರಿನ ಹುಡುಗಿಯ ಕಾಲು ಎತ್ತ ವಾಲುತ್ತದೆಂದು ಮೊದಲೇ ನೋಡಿ, ಇನ್ನೊಂದು ಕಡೆಗೆ ಮೆಲ್ಲಗೆ ತಳ್ಳಿ ನುಗ್ಗುತ್ತೀಯಲ್ಲ, ಆ ಆಟಕ್ಕೆ ದೊಡ್ಡ ಮೈದಾನ ಬೇಕೆಂದು ಹೋಗುವುದಾದರೆ ಹೋಗು. ಅದನ್ನು ನಾನು ಬೇಲಿಯಾಚೆ ನಿಂತು ಎಷ್ಟೋ ಚಳಿಗಾಲಗಳಲ್ಲಿ ನೋಡಿದ್ದೇನೆ. ಅಕ್ಕಪಕ್ಕದವರಿಗೆ "ಅವಳು ನನ್ನ ಮಗಳು" ಎಂದು ಹೇಳದೆ ಒಂದು ದಿನವೂ ಮನೆಗೆ ಬಂದವನಲ್ಲ.

ಹೋಗುವುದಾದರೆ ಉಪಕಾರ ಮಾಡಲು ಬಂದವಳಂತೆ ಹೋಗಬೇಡ. ಅಲ್ಲಿಯ ಹುಡುಗಿಯರು ಯಾರ ಬರವಿಗೂ ಕಾದು ಕೂತಿಲ್ಲ. ಮಣಿಪುರದ ಬಾಲಾದೇವಿ ಸ್ಕಾಟ್ಲೆಂಡಿನ ರೇಂಜರ್ಸ್‌ಗೆ ಆಡಿ ಬಂದವರು. ಮನೀಷಾ ಕಲ್ಯಾಣ್ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯೆ. ನೀನು ತಂಡಕ್ಕೆ ಬಂದರೆ ಒಬ್ಬಳು ಹೊರಗೆ ಕೂರುತ್ತಾಳೆ. ಅವಳು ಬರಿಗಾಲಿನಲ್ಲಿ ಆಟ ಶುರು ಮಾಡಿದವಳೂ ಆಗಿರಬಹುದು. ಅವಳ ಕಣ್ಣಿಗೆ ನೀನು ಮೊದಲು ವಿದೇಶದವಳಾಗಿಯೇ ಕಾಣುತ್ತೀಯ, ಸಹಿಸಿಕೋ. ಗೆದ್ದಾಗ ನಮ್ಮವಳು, ಸೋತಾಗ ಹೊರಗಿನವಳು ಎನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. ವಿಶ್ವಕಪ್ ಗೆದ್ದ, ಟರ್ಕಿ ಮೂಲದ ಮೆಸುಟ್ ಓಜಿಲ್ ಅವರಿಗೇ ಜರ್ಮನಿಯಲ್ಲಿ ಆ ಮಾತಿನ ಬಿಸಿ ತಟ್ಟಿತು. 2018ರಲ್ಲಿ ನೊಂದುಕೊಂಡೇ ತಂಡ ಬಿಟ್ಟರು. ಊಟ, ಭಾಷೆ, ಸೆಕೆ ಎಂದು ಗೊಣಗಬೇಡ. ಹಿರಿಯ ಆಟಗಾರ್ತಿಯರ ಮುಂದೆ ಮಾತು ಕಡಿಮೆ ಇರಲಿ. ಸಂಬಳ ಇಲ್ಲಿಗಿಂತ ಕಡಿಮೆ ಬಂದರೆ ಯಾರ ಮುಂದೆಯೂ ಹೋಲಿಸಬೇಡ. ಮಂಡಿಯ ಪಟ್ಟಿ ಮರೆಯಬೇಡ. ಸಾಕು, ಉಪದೇಶ ಉದ್ದವಾಯಿತು.

ಅಮ್ಮನ ಯೋಚನೆಯೇ ಬೇರೆ. 2016ರ ಯೂರೊ ಫುಟ್‌ಬಾಲ್ ಕಪ್‌ನಲ್ಲಿ ಷಾಕಾ ಸಹೋದರರಲ್ಲಿ ಒಬ್ಬ ಸ್ವಿಟ್ಜರ್ಲೆಂಡ್ ಪರ, ಇನ್ನೊಬ್ಬ ಅಲ್ಬೇನಿಯಾ ಪರ ಎದುರುಬದುರಾಗಿ ಆಡಿದಾಗ ಅವರ ತಾಯಿ ಅರ್ಧ ಆ ಬಾವುಟ, ಅರ್ಧ ಈ ಬಾವುಟದ ಅಂಗಿ ತೊಟ್ಟು ಕೂತಿದ್ದರಂತೆ. ಅಂಥದ್ದೊಂದು ಹೊಲಿಸುವುದಾಗಿ ಆಗಲೇ ಬಟ್ಟೆ ಹುಡುಕುತ್ತಿದ್ದಾಳೆ. ಭಾರತ ಮತ್ತು ಆಸ್ಟ್ರೇಲಿಯಾ ಎದುರಾದ ದಿನ ಅವಳು ಯಾವ ಕಡೆ ಕೂರುತ್ತಾಳೆಂದು ನನಗೆ ಈಗಲೇ ಗೊತ್ತು.

ಇನ್ನು ಮಾಡಬೇಕಾದ ಕೆಲಸ. ಆ ಅರ್ಜಿಗೆ ಈಗಲೇ ಸಹಿ ಹಾಕಬೇಡ. ಮೊದಲು ಭಾರತಕ್ಕೆ ಹೋಗಿ ಒಂದು ಕ್ಲಬ್ ಹಿಡಿ. ತಂದೆ ಅಥವಾ ತಾಯಿ ಹಿಂದೆ ಭಾರತದ ಪ್ರಜೆಯಾಗಿದ್ದರೆ, ಹದಿನೆಂಟು ದಾಟಿದ ಮಕ್ಕಳು ಅಲ್ಲಿ ಹನ್ನೆರಡು ತಿಂಗಳು ನೆಲೆಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಕಾಯ್ದೆಯ 5ನೇ ಸೆಕ್ಷನ್‌ನಲ್ಲಿದೆ. ಆ ಒಂದು ವರ್ಷದಲ್ಲಿ ಅಲ್ಲಿಯ ಬದುಕೂ ಆಟವೂ ನಿನಗೆ ಒಗ್ಗುತ್ತವೆಯೋ ಇಲ್ಲವೋ ತಿಳಿಯುತ್ತದೆ. ಅವರು ಒಪ್ಪಿದ್ದೇವೆಂದು ಬರೆದು ಕೊಟ್ಟ ಮೇಲೆ ಇಲ್ಲಿಯದನ್ನು ಬಿಡು. ಮುಂಚೆಯೇ ಬಿಟ್ಟರೆ ಯಾವ ದೇಶಕ್ಕೂ ಸೇರದ ತ್ರಿಶಂಕು ಸ್ಥಿತಿ.

ಫಿಫಾಕ್ಕೆ ನಾನು ಎಲ್ಲಿ ಹುಟ್ಟಿದೆನೆಂಬುದಕ್ಕೆ ದಾಖಲೆ ಬೇಕಾಗುತ್ತದೆ. ನಾನು ಮನೆಯಲ್ಲೇ ಹುಟ್ಟಿದವನು, ಆಗ ಯಾರೂ ಬರೆಸಲಿಲ್ಲ. ಶಾಲೆಯ ವರ್ಗಾವಣೆ ಪತ್ರವೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೂ ಇವೆ, ಎರಡರ ಪ್ರತಿಯನ್ನೂ ಇದರೊಡನೆ ಇಟ್ಟಿದ್ದೇನೆ. ಜನನ ಪ್ರಮಾಣ ಪತ್ರಕ್ಕಾಗಿ ತಾಲ್ಲೂಕು ಕಚೇರಿಗೆ ಹೋಗಲು ಚಿಕ್ಕಪ್ಪನಿಗೆ ನಿನ್ನೆಯೇ ಹೇಳಿದೆ. ನಿನ್ನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ಬಿಡಿಸಿ ಅವನಿಗೆ ಕಳಿಸು, ನನ್ನ ಹೆಸರನ್ನೂ. ಒಂದಕ್ಷರವೂ ಹೆಚ್ಚುಕಡಿಮೆ ಆಗಬಾರದು.

ಇತಿ,
ಅಪ್ಪ