ಜೀಪಿನ ನೆಲದಲ್ಲಿ ಬಂದ ಅದುರು

ಕೋಲಾರ
ಭಾನುವಾರ ರಾತ್ರಿ

ಚಿ. ನಂದಿನಿಗೆ ನಿನ್ನ ಮಾವನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಕಾಗದದ ಮೂರನೇ ಪುಟದಲ್ಲಿ ಒಂದು ಸಾಲಿದೆ. ‘ಸ್ಪೀಡ್ ಏರಿದ ಮೇಲೆ ಕಾಲಡಿ ಅದುರುತ್ತೆ ಮಾವ, ಭಯ ಆಗುತ್ತೆ, ಟೀಮಿನ ಹುಡುಗರ ಹತ್ತಿರ ಹೇಳಿಲ್ಲ.’ ಅಷ್ಟು ಓದಿದ ಮೇಲೆ ಮಿಕ್ಕಿದ್ದು ತಲೆಗೆ ಹೋಗಲಿಲ್ಲ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಅದನ್ನೇ ಓದಿದೆ.

ಕಾರು ಬೇಡ ಅನ್ನುವವನಲ್ಲ ನಾನು. ಡ್ರ್ಯಾಗ್ ರೇಸ್ ಅಂತ ಬರೀ 402 ಮೀಟರ್ ನೇರ ಓಡಿಸೋಕೆ ಇಷ್ಟು ದುಡ್ಡಾ ಅಂತ ನಿಮ್ಮಪ್ಪ ಗೊಣಗಿಕೊಳ್ಳಲಿ. 1955ರ ಷೆವರ್ಲೆಟ್, ಅದರಲ್ಲೂ ವಿ-8 ಎಂಜಿನ್ನು! ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕೂರಿಸಿದ್ದೇವೆ ಅಂತ ಬರೆದಿದ್ದೀಯ. ಆಗ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗುತ್ತೆ. ಗೇರ್ ಬಾಕ್ಸಿಗೂ ಹಿಂದಿನ ಆಕ್ಸಲ್ ಹೌಸಿಂಗಿಗೂ ಇರುವ ಎತ್ತರದ ವ್ಯತ್ಯಾಸ ಹಾಗೇ ಉಳಿದು, ಶಾಫ್ಟಿನ ಎರಡೂ ತುದಿಯ ಕೀಲುಗಳು, ಅಂದರೆ ಕ್ರಾಸ್‌ಗಳು ಜಾಸ್ತಿ ಬಾಗಬೇಕಾಗುತ್ತೆ. ಬಾಗಿದ ಕ್ರಾಸ್ ಒಂದು ಸುತ್ತಿಗೆ ಎರಡು ಸಲ ಶಾಫ್ಟನ್ನು ಜಗ್ಗಿ ಬಿಡುತ್ತೆ. ಎರಡೂ ತುದಿಯ ಕೋನ ಸಮ ಇದ್ದರೆ ಒಂದರ ಜಗ್ಗಾಟವನ್ನು ಇನ್ನೊಂದು ನುಂಗುತ್ತೆ. ಇಲ್ಲದಿದ್ದರೆ ನೆಲಕ್ಕೆ ಬರುತ್ತೆ, ನಿನ್ನ ಕಾಲಿಗೆ ಬರುತ್ತೆ.

ಇಂಜಿನಿಯರಿಂಗ್ ಓದಿದವಳಿಗೆ ಇದನ್ನೆಲ್ಲ ನಾನೇನು ಹೇಳೋದು. ಹೇಳಬೇಕಾದ್ದು ಬೇರೆ ಇದೆ. ನಿಮ್ಮತ್ತೆಗೂ ಪೂರ್ತಿ ಹೇಳಿದವನಲ್ಲ.

1987ರಲ್ಲಿ ಒಂದು ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದೆ. ಆಗ ಎಲ್ಲರೂ ಮಾಡಿಸುತ್ತಿದ್ದ ಕೆಲಸ ಅದು. ಎಂಜಿನ್ ಎತ್ತರ ಬಂತು, ಬಾನೆಟ್ ಮುಚ್ಚಲಿಲ್ಲ. ಮುಂದಿನ ಮೌಂಟಿಂಗ್ ತಗ್ಗಿಸಿದೆ. ಮುಂದೆ ತಗ್ಗಿದರೆ ಗೇರ್ ಬಾಕ್ಸಿನ ಬಾಲ ಎಷ್ಟು ಏಳುತ್ತೆ ಅಂತ ಅಳೆಯಲಿಲ್ಲ. ಟ್ರಯಲ್‌ಗೆ ನರಸಾಪುರದ ಕಡೆ ಓಡಿಸಿದಾಗ ಐವತ್ತರಲ್ಲಿ ಸಣ್ಣಗೆ ಅದುರಿತು. ಎಡಗೈ ಗೇರ್ ರಾಡಿನ ಮೇಲಿತ್ತು. ಜೇನುಹುಳ ಮುಷ್ಟಿಯೊಳಗೆ ಇಟ್ಟುಕೊಂಡ ಹಾಗೆ. ಗ್ಯಾರೇಜಿಗೆ ವಾಪಸ್ ಬಂದೆ. ಮೇಸ್ತ್ರಿ ‘ಹೆಂಗಿದೆ?’ ಅಂದರು. ಸುತ್ತ ನಾಲ್ಕು ಜನ ಹುಡುಗರು ನಿಂತಿದ್ದರು. ‘ಫಸ್ಟ್ ಕ್ಲಾಸ್’ ಅಂದೆ.

ಮುಳಬಾಗಿಲು ರಸ್ತೆಯಲ್ಲಿ ಹನ್ನೊಂದನೇ ದಿನ ಮುಂದಿನ ಕ್ರಾಸ್ ಮುರಿಯಿತು. ಎಂಜಿನ್ನಿನ ಕಡೆ ಬಿಟ್ಟುಹೋದರೂ ಹಿಂದಿನ ಚಕ್ರಗಳು ಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ ನೋಡು. ಕೆಳಗೆ ರಸ್ತೆಗೂ ಮೇಲೆ ತಗಡಿಗೂ ಬಡಿಯುತ್ತಾ ಹೋಯಿತಂತೆ. ಹಿಂದಿನ ಬೆಂಚಿನಲ್ಲಿ ಮಾಲೀಕರ ಮಗ ಕೂತಿದ್ದ. ಹದಿಮೂರು ವರ್ಷ. ಈಗಲೂ ಟೊಮೆಟೊ ಮಂಡಿಯಲ್ಲಿ ಸಿಗುತ್ತಾನೆ, ‘ಚೆನ್ನಾಗಿದೀರಾ ಅಣ್ಣ’ ಅಂತ ಮಾತಾಡಿಸುತ್ತಾನೆ. ಅವನ ಎಡಗಾಲಿನ ಚಪ್ಪಲಿ ಹೊರಗಿನ ಅಂಚಿನಲ್ಲಿ ಮಾತ್ರ ಸವೆದಿರುತ್ತೆ. ನಾನು ಅದನ್ನೇ ನೋಡುತ್ತಾ ಮಾತಾಡುತ್ತೇನೆ. ಆ ಅದುರು ನನಗೆ ಮೊದಲೇ ಗೊತ್ತಿತ್ತು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಕಥೆ ನೀನೇ ಹೇಳಿದ್ದೆಯಲ್ಲ, 1970ರಲ್ಲಿ ಗೇರ್ ಬಾಕ್ಸ್ ಸಿಡಿದು ಬಲಪಾದದ ಒಂದು ಭಾಗ ಹೋಗಿ, ಆಮೇಲೆ ಅವರು ಎಂಜಿನ್ನನ್ನೇ ಬೆನ್ನ ಹಿಂದೆ ಇಟ್ಟುಕೊಂಡು ಕಾರು ಕಟ್ಟಿದ್ದು. ಆಗ ಕೇಳಿ ನಕ್ಕಿದ್ದೆ. ಈಗ ಕಣ್ಣು ಮುಚ್ಚಿದರೆ ನಿನ್ನ ಕಾಲೇ ಕಾಣುತ್ತೆ.

ತಪ್ಪು ತಿಳಿಯಬೇಡ, ಒಂದೆರಡು ಮಾತು ಹೇಳಿಬಿಡುತ್ತೇನೆ. ಅಳೆಯುವಾಗ ಕಾರಿನ ಭಾರ ಚಕ್ರದ ಮೇಲೇ ಇರಲಿ. ಹೌಸಿಂಗ್ ನೇತಾಡುತ್ತಿದ್ದರೆ ಬರುವ ಲೆಕ್ಕ ಸುಳ್ಳು. ಬರೀ ಜಾಕಿ ನಂಬಿ ಕೆಳಗೆ ಮಲಗಬೇಡ. ಎಂಜಿನ್ ಸ್ವಲ್ಪ ಬಲಕ್ಕೋ ಎಡಕ್ಕೋ ಇದ್ದರೆ ಗಾಬರಿ ಬೇಡ, ಹೌಸಿಂಗಿನಲ್ಲಿ ಶಾಫ್ಟ್ ಸೇರುವ ಪಿನಿಯನ್ ಗೇರಿನ ಗೆರೆಗೆ ಸಮಾನಾಂತರ ಇದ್ದರೆ ಸಾಕು. ಕಂಪನಿಯವರೇ ಹಾಗೆ ಕೂರಿಸುವುದುಂಟು. ಪೂರ್ತಿ ನೇರ ಮಾಡೋಕೂ ಹೋಗಬೇಡ, ಕ್ರಾಸಿನೊಳಗಿನ ಸೂಜಿ ಬೇರಿಂಗ್ ಅಲ್ಲಾಡದೆ ಒಂದೇ ಕಡೆ ಕುಳಿ ಬೀಳುತ್ತೆ.

ನಿಮ್ಮದು ಹಿಂದೆ ಕಮಾನು ಪಟ್ಟಿಯ ಸ್ಪ್ರಿಂಗ್ ಅಲ್ವಾ? ಜೋರಾಗಿ ತುಳಿದರೆ ಪಟ್ಟಿ ತಿರುಚಿಕೊಂಡು ಪಿನಿಯನ್ ಮೂತಿ ಮೇಲೇಳುತ್ತೆ. ಅದಕ್ಕೇ ನಿಂತಾಗ ಒಂದೆರಡು ಡಿಗ್ರಿ ಕೆಳಗೆ ನೋಡುವ ಹಾಗೆ ಬೆಣೆ ಕೊಡುತ್ತಾರೆ. ನಿಮ್ಮ ಹುಡುಗರು ಕೊಟ್ಟಿರಬಹುದು. ಕೊಟ್ಟಿದ್ದಾರಾ ಅಂತ ಕೇಳು. ಕೇಳುವಾಗ ಅದುರಿನ ಮಾತೂ ಬರಲಿ.

ಮತ್ತೆ ಆ ಲೂಪ್, ಶಾಫ್ಟ್ ಕಳಚಿದರೆ ಬೀಳದ ಹಾಗೆ ಹಿಡಿಯುವ ಬಳೆ. ಕಾಲು ಇಂಚು ದಪ್ಪ, ಎರಡು ಇಂಚು ಅಗಲದ ಉಕ್ಕಿನ ಪಟ್ಟಿ, ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗೆ, ಶಾಫ್ಟಿನ ಸುತ್ತ. ಅಲ್ಲಿನ ಪಂದ್ಯದ ನಿಯಮವೇ ಅದು ಅಂತ ನೀನೇ ಒಮ್ಮೆ ಬರೆದಿದ್ದೆ. ಈ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಹಾಕಿದ್ದೀರಾ? ಫೋಟೋ ತೆಗೆದು ಕಳಿಸು, ನಿಮ್ಮಮ್ಮನ ಫೋನಿಗೆ ಬೇಡ, ನನ್ನದಕ್ಕೆ.

ಇನ್ನೊಂದು ವಿಷಯ ನೀನು ಬರೆದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಅದುರು ನಿಲ್ಲುತ್ತಾ, ಇಲ್ಲ ಆಗಲೂ ಹಾಗೇ ಇರುತ್ತಾ? ನಿಂತರೆ ಒಂದು ಕಾರಣ, ನಿಲ್ಲದಿದ್ದರೆ ಬೇರೆ. ಓಡಿಸಿ ನೋಡಿ ಬರಿ ಅಂತ ಅಲ್ಲ, ಮಾರಾಯ್ತಿ. ನೆನಪಿದ್ದಷ್ಟು ಬರಿ.

ನಿನ್ನ ಮಾವ