ಸತ್ತ ಹಸುವಿಗೆ ಆರಡಿ ಜಾಗ ಎಲ್ಲಿ?

ಮಾನ್ಯರೇ,

ಕಳೆದ ತಿಂಗಳು ನಮ್ಮ ಹಸು ಕರು ಹಾಕಿದ ಮೂರನೇ ದಿನ ಸತ್ತಿತು. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ, ವಿಮೆಗಾಗಿ ಅದರ ಕಿವಿಯ ಗುರುತಿನ ಓಲೆಯ ಫೋಟೊ ತೆಗೆಯುವವರೆಗೆ ಕಳೇಬರವನ್ನು ಅಲುಗಿಸುವಂತಿರಲಿಲ್ಲ. ಅಷ್ಟರಲ್ಲಿ ಹೊಟ್ಟೆ ತಮಟೆಯಂತೆ ಉಬ್ಬಿತ್ತು, ಕರು ಆಚೆ ಗೂಟದಲ್ಲಿ ಅರಚುತ್ತಿತ್ತು. ಹೂಳಲು ಜಾಗ ಕೇಳಿದರೆ ಪಂಚಾಯಿತಿಯಲ್ಲಿ ಸಿಕ್ಕ ಉತ್ತರ, 'ನಿಮ್ಮ ಹೊಲದಲ್ಲೇ ಹೂಳಿ'. ಇರುವ ಇಪ್ಪತ್ತು ಗುಂಟೆಯಲ್ಲೇ ಕೊಳವೆಬಾವಿಯೂ ಇದೆ! ಕಡೆಗೆ ಜೆಸಿಬಿ ಬಾಡಿಗೆಗೆ ತಂದು, ದೂರದ ಮೂಲೆಯಲ್ಲಿ ಆಳುದ್ದ ಗುಂಡಿ ತೋಡಿಸಿ, ಸುಣ್ಣ ಸುರಿದು ಮುಚ್ಚಿದೆವು. ಕೈಲಾಗದವರು ಕೆರೆ ಅಂಗಳಕ್ಕೆ ಎಳೆದು ಹಾಕುತ್ತಾರೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಹಿಂದೆ ಈ ಕೆಲಸ ರಣಹದ್ದುಗಳದ್ದಾಗಿತ್ತು. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೊಫೆನಾಕ್ ಕಳೇಬರದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಹದ್ದುಗಳು ಬಹುಪಾಲು ಮುಗಿದಿದ್ದವು. ಈಗ ಅಲ್ಲಿ ಬೀದಿನಾಯಿಗಳ ದರ್ಬಾರು. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನವನ್ನು ಕೊಯ್ದರಂತೂ ರೋಗಾಣು ದಶಕಗಳ ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಕತ್ತಿ ಮುಟ್ಟಿಸಲೇಬಾರದು. ಇದನ್ನು ಹಾಲಿನ ಡೇರಿಯ ಗೋಡೆಗಾದರೂ ಬರೆಸಬಾರದೇ?

ಹೋಬಳಿಗೊಂದು ಎಕರೆ ಗೋಮಾಳಕ್ಕೆ ಬೇಲಿ ಹಾಕಿಸಿ ಹೂಳಲು ಬಿಟ್ಟುಕೊಡಲಿ. ಗುಂಡಿ ತೋಡುವ ಖರ್ಚನ್ನು ಪಂಚಾಯಿತಿ ಭರಿಸಲಿ.

– ಒಬ್ಬ ಹೈನುಗಾರ, ತುಮಕೂರು ಜಿಲ್ಲೆ