ಫ್ಯೂಸ್ ಹೋಗಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲ್ಲ

ಮಾನ್ಯ ಸಂಪಾದಕರೇ,

ವಾಹನಗಳ ವೈರಿಂಗ್ ಕೆಲಸವನ್ನೇ ನೆಚ್ಚಿಕೊಂಡು ಹಲವು ವರ್ಷಗಳಿಂದ ಬದುಕುತ್ತಿರುವವನು ನಾನು. ಕಾರಿಗೆ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸುವವರಿಗೆ ಒಂದು ಮಾತು ಹೇಳಲೇಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಒಂದು ಕಾರು ಬಂತು. ಹಾಡು ಜೋರಾಗಿಟ್ಟರೆ ಸುಟ್ಟ ವಾಸನೆ, ಆಂಪ್ಲಿಫೈಯರ್ ಆಗಾಗ ತಾನಾಗಿಯೇ ಆಫ್ ಆಗುತ್ತದೆ ಎಂಬ ದೂರು. ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಬ್ಯಾಟರಿಯಿಂದ ಬಂದ ದಪ್ಪ ವೈರ್ ಬಸ್ ಬಾರ್‌ಗೆ (ಹಲವು ವೈರುಗಳನ್ನು ಒಂದೇ ಕಡೆ ಸೇರಿಸುವ ಲೋಹದ ಪಟ್ಟಿ) ಸೇರುವ ಕಡೆ ಪ್ಲಾಸ್ಟಿಕ್ ಬುಡ ಕರಗಿ ವಾಲಿಕೊಂಡಿತ್ತು. ನಟ್ಟು ಬೆರಳಲ್ಲೇ ತಿರುಗುತ್ತಿತ್ತು. 6 ಮಿ.ಮೀ. ಬೋಲ್ಟಿಗೆ 10 ಮಿ.ಮೀ. ತೂತಿನ ರಿಂಗ್ ಟರ್ಮಿನಲ್ (ವೈರಿನ ತುದಿಗೆ ಹಾಕುವ ಬಳೆಯಂಥ ಲೋಹದ ತುಂಡು) ಹಾಕಿ, ಅದು ಅಲುಗಾಡದಿರಲೆಂದು ಕೆಳಗೂ ಮೇಲೂ ಸ್ಟೀಲ್ ವಾಷರ್ ಕೊಟ್ಟಿದ್ದರು. ವೈರ್ ಒಳಗೆ ಹಿಡಿಸಲಿಲ್ಲವೆಂದು ಕಾಲುಭಾಗದಷ್ಟು ತಾಮ್ರದ ಎಳೆಗಳನ್ನೇ ಕತ್ತರಿಸಿ ಹಾಕಿದ್ದರು. ಇಷ್ಟಾದರೂ ಬ್ಯಾಟರಿ ಪಕ್ಕದ 100 ಆಂಪಿಯರ್ ಫ್ಯೂಸ್ ಹಾಗೇ ಇತ್ತು.

“ಫ್ಯೂಸ್ ಇದೆಯಲ್ಲ, ಅದು ಹೋಗಬೇಕಿತ್ತಲ್ವಾ?” ಎಂದು ಮಾಲೀಕರು ಕೇಳಿದರು. ಎಲ್ಲರೂ ನಂಬಿರುವುದು ಇದನ್ನೇ. ಫ್ಯೂಸ್ ಹೋಗುವುದು ಕರೆಂಟ್ ಮಿತಿ ಮೀರಿದಾಗ ಮಾತ್ರ. ಜೋಡಣೆ ಸಡಿಲವಾದರೆ ಕರೆಂಟ್ ಮಿತಿಯೊಳಗೇ ಇದ್ದು, ಆ ಒಂದೇ ಜಾಗ ಕಾಯುತ್ತಾ ಹೋಗುತ್ತದೆ. ನಿಜಕ್ಕೂ 1000 ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ ಸುಮಾರು 90 ಆಂಪಿಯರ್ ಎಳೆಯುತ್ತದೆ. ಜೋಡಣೆಯಲ್ಲಿ ಬರೀ 5 ಮಿಲಿ ಓಮ್ ತಡೆ ಇದ್ದರೂ ಅಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತದೆ. ಕಾರ್ಪೆಟ್ ಕೆಳಗೆ ಒಂದು ಸೋಲ್ಡರಿಂಗ್ ಐರನ್ ಇಟ್ಟ ಹಾಗೆ.

ಗಿರಾಕಿಗಳು ವೈರ್ ಎಷ್ಟು ದಪ್ಪ ಎಂದು ಕೇಳುತ್ತಾರೆ, ಅದರ ತುದಿ ಹೇಗಿದೆ ಎಂದು ಕೇಳುವುದಿಲ್ಲ. ರಿಂಗ್ ಟರ್ಮಿನಲ್‌ಗೆ ಎರಡು ಅಳತೆಗಳಿವೆ: ವೈರ್ ಕೂರುವ ಕೊಳವೆಯದು, ಬೋಲ್ಟಿನ ತೂತಿನದು. ಎರಡೂ ಸರಿಹೊಂದಬೇಕು. ವೈರಿನ ದಪ್ಪ 4 ಗೇಜ್ ಎಂದರೆ 21 ಚದರ ಮಿ.ಮೀ. ತಾಮ್ರ ಇರಬೇಕು. ದಪ್ಪ ರಬ್ಬರಿನೊಳಗೆ ಸಣ್ಣ ತಾಮ್ರ, ಅಥವಾ ತಾಮ್ರದ ಲೇಪದ ಅಲ್ಯೂಮಿನಿಯಂ ತುಂಬಿದ ವೈರುಗಳೂ ಬರುತ್ತವೆ, ಸುಲಿದು ನೋಡಿ. ತವರ ಲೇಪಿಸಿದ ಗಟ್ಟಿ ತಾಮ್ರದ ಟರ್ಮಿನಲ್ ತೆಗೆದುಕೊಂಡು, ಅದೇ ಅಳತೆಯ ಕ್ರಿಂಪಿಂಗ್ ಟೂಲ್‌ನಿಂದ (ಕೊಳವೆಯನ್ನು ವೈರಿನ ಮೇಲೆ ಬಿಗಿಯಾಗಿ ಅಮುಕುವ ಇಕ್ಕಳ) ಒತ್ತಿಸಬೇಕು. ಸುತ್ತಿಗೆಯಲ್ಲಿ ಬಡಿದದ್ದು ಕ್ರಿಂಪ್ ಅಲ್ಲ. ಬರೀ ಸೀಸ (ಸೋಲ್ಡರ್) ಕರಗಿಸಿ ತುಂಬಿಸುವುದೂ ಬೇಡ. ಅದು ಎಳೆಗಳೊಳಗೆ ಏರಿ ವೈರನ್ನು ಕಡ್ಡಿಯಂತೆ ಮಾಡುತ್ತದೆ, ಗಾಡಿಯ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ.

ಬಸ್ ಬಾರ್ ಹೊಳಪಿಗೆ ಮರುಳಾಗಬೇಡಿ. ಸಾಮಾನ್ಯ ಹಿತ್ತಾಳೆಯಲ್ಲಿ ವಿದ್ಯುತ್ ಹರಿಯುವುದು ತಾಮ್ರದಲ್ಲಿ ಹರಿಯುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಿತ್ತಾಳೆ ಕೂಡದೆಂದಲ್ಲ, ಆದರೆ ಅಷ್ಟೇ ಕರೆಂಟಿಗೆ ಹೆಚ್ಚು ದಪ್ಪ ಬೇಕು. ಬಾರ್ ತಾಳುವ ಆಂಪಿಯರ್ ಮುಖ್ಯ ಫ್ಯೂಸಿಗಿಂತ ಕಡಿಮೆ ಇರಬಾರದು, ಪಾಸಿಟಿವ್ ಬಾರ್‌ಗೆ ಮುಚ್ಚಳ ಇರಲೇಬೇಕು. ಅಲ್ಲಿಂದ ಸಣ್ಣ ವೈರುಗಳು ಕವಲೊಡೆದರೆ ಪ್ರತಿಯೊಂದಕ್ಕೂ ಅದರದೇ ಫ್ಯೂಸ್ ಬೇಕು, ಬ್ಯಾಟರಿ ಪಕ್ಕದ 100 ಆಂಪಿಯರ್ ಫ್ಯೂಸ್ ಅವುಗಳನ್ನು ಕಾಪಾಡುವುದಿಲ್ಲ.

ನನ್ನ ಕಸುಬಿನ ಗೆಳೆಯರಲ್ಲೂ ಕೈಮುಗಿದು ಕೇಳುತ್ತೇನೆ: ಟರ್ಮಿನಲ್ ನೇರವಾಗಿ ಬಾರಿನ ಮೇಲೆ ಕೂರಲಿ, ವಾಷರ್, ಸ್ಪ್ರಿಂಗ್ ವಾಷರ್, ನಟ್ಟು ಅದರ ಮೇಲೆ ಬರಲಿ. ನಡುವೆ ವಾಷರ್ ಸಿಕ್ಕಿಸಬೇಡಿ.

ಮಾಲೀಕರು ಕಾರ್ಪೆಟ್ ಮುಚ್ಚುವ ಮೊದಲು ಜೋಡಣೆ ತೋರಿಸಲು ಹೇಳಿ, ವೈರನ್ನು ಎಳೆದು ನೋಡಿ. ಈಗಾಗಲೇ ಹಾಕಿಸಿರುವವರು ಅರ್ಧ ಗಂಟೆ ಜೋರಾಗಿ ಹಾಡು ಹಾಕಿ, ಆಮೇಲೆ ಟರ್ಮಿನಲ್ ಹತ್ತಿರ ಕೈ ತಂದು ನೋಡಿ. ವೈರ್ ತಣ್ಣಗಿದ್ದು ತುದಿ ಮಾತ್ರ ಬಿಸಿಯಾಗಿದ್ದರೆ ಜೋಡಣೆ ಕೆಟ್ಟಿದೆ. ಮಲ್ಟಿಮೀಟರ್ ಇದ್ದರೆ ಹಾಡು ಜೋರಾಗಿರುವಾಗಲೇ ಒಂದು ಕಡ್ಡಿ ಟರ್ಮಿನಲ್ಲಿನ ಕೊಳವೆಗೆ, ಇನ್ನೊಂದು ಬಾರ್‌ಗೆ ಇಡಿ. ಹತ್ತಿಪ್ಪತ್ತು ಮಿಲಿವೋಲ್ಟ್ ಸರಿ, ನೂರು ದಾಟಿದರೆ ಬಿಚ್ಚಿಸಿ ಹೊಸದಾಗಿ ಮಾಡಿಸಿ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಲು ಮರೆಯಬೇಡಿ.

– ಒಬ್ಬ ಆಟೋ ಎಲೆಕ್ಟ್ರಿಷಿಯನ್